ನೀರಿನ ಮೈಲಿಗೆ ಯಾರದು?

1

ಈ ನೆಲದಲ್ಲಿ ಬಾವಿ ಕೆಟ್ಟಿತೆಂದರೆ ಕೇಳುತ್ತಿದ್ದ ಮೊದಲ ಪ್ರಶ್ನೆ 'ಯಾರು ಮುಟ್ಟಿದರು?' ಎಂಬುದು. 'ಏನು ಬಿತ್ತು?' ಎಂದು ಕೇಳಿದವರು ಕಡಿಮೆ. ಹೊಲಗೇರಿಯ ಕೊಡ ಬಾವಿಗೆ ಇಳಿದರೆ ಊರಿಗೆ ಊರೇ ಬಡಿಗೆ ಹಿಡಿದು ಏಳುತ್ತಿತ್ತು. ಅದೇ ಬಾವಿಯ ದಂಡೆಯ ಮೇಲೆ ದನ ತೊಳೆದ ನೀರು, ಬಟ್ಟೆ ಒಗೆದ ನೀರು, ಮಳೆಗಾಲದಲ್ಲಿ ತಿಪ್ಪೆಯಿಂದ ಇಳಿದ ರಸ ಒಳಗೆ ಹರಿದರೆ ಯಾರ ಮಡಿಯೂ ಕೆಡುತ್ತಿರಲಿಲ್ಲ. ವಾಂತಿಭೇದಿ ಬಂದು ಹೆಣ ಬಿದ್ದಾಗ ದುರಗವ್ವ ಸಿಟ್ಟಾದಳು ಎಂದರು. ಕೋಣ ಕಡಿದರು. ಬಾವಿಯನ್ನು ಮಾತ್ರ ಯಾರೂ ಬಗ್ಗಿ ನೋಡಲಿಲ್ಲ.

ಇಂದು ಕುಡಿಯುವ ನೀರಿಗೆ ಈ ದೇಶದಲ್ಲಿ ಒಂದು ಅಳತೆಗೋಲು ಇದೆ. ಭಾರತೀಯ ಮಾನಕ ಬ್ಯೂರೋ ಹೊರಡಿಸಿರುವ, 2012ರಲ್ಲಿ ಪರಿಷ್ಕಾರಗೊಂಡ 10500ನೇ ಸಂಖ್ಯೆಯ ಮಾನಕ ಅದು. ನೀರಿನ ಬಣ್ಣ, ವಾಸನೆ, ಕದಡು, ಗಡಸುತನ, ಫ್ಲೋರೈಡು, ನೈಟ್ರೇಟು, ಕಬ್ಬಿಣ, ಆರ್ಸೆನಿಕ್, ಮಲದ ರೋಗಾಣು ಎಲ್ಲವೂ ಅದರಲ್ಲಿ ಇವೆ. ಒಂದೊಂದಕ್ಕೂ ಇಷ್ಟರೊಳಗೆ ಇರಬೇಕು ಎಂಬ ಲೆಕ್ಕ ಇದೆ. ಇಡೀ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರೂ 'ಮುಟ್ಟಿದವರ ಜಾತಿ' ಎಂಬ ಸಾಲು ಸಿಗುವುದಿಲ್ಲ. ಮನುಷ್ಯನ ಕೈ ಸೋಕಿದರೆ ನೀರು ಕೆಡುತ್ತದೆ ಎಂದು ಸಾವಿರ ವರ್ಷ ಹೇಳಿದವರ ಶಾಸ್ತ್ರವನ್ನು ಈ ಪಟ್ಟಿ ಸದ್ದಿಲ್ಲದೆ ಹರಿದು ಹಾಕಿದೆ.

ಹಾಗಾದರೆ ನೀರನ್ನು ಕೆಡಿಸಿದವರು ಯಾರು? ಕೆಟ್ಟ ನೀರು ಯಾರ ಕೊಡ ಸೇರಿತು? ಈ ಎರಡು ಪ್ರಶ್ನೆ ಹಿಡಿದು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಸೀಮೆಯ ನೀರಿನ ಚರಿತ್ರೆಯನ್ನು ಓದಬೇಕೆಂದು ನಾವು ಹೊರಟಿದ್ದೇವೆ. ರಾಜರ ಚರಿತ್ರೆ ಬರೆದವರು ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಆ ಕೆರೆಯ ಮಣ್ಣು ಹೊತ್ತವರಿಗೆ ಅದರ ನೀರು ಸಿಕ್ಕಿತೇ ಎಂದು ಯಾವ ಕಲ್ಲೂ ಹೇಳುವುದಿಲ್ಲ.

2

ನಮ್ಮ ಸೀಮೆ 1956ರವರೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಮುಂಬಯಿಯ ವಿಧಾನ ಪರಿಷತ್ತಿನಲ್ಲಿ ಆದ ತೀರ್ಮಾನ ಬ್ಯಾಡಗಿಯ ಬಾವಿಗೂ ಸೇರಿದ್ದೇ. 1923ರ ಆಗಸ್ಟ್ 4ರಂದು ಎಸ್.ಕೆ. ಬೋಲೆಯವರು ಆ ಪರಿಷತ್ತಿನಲ್ಲಿ ಒಂದು ಠರಾವು ಮಂಡಿಸಿ ಗೆದ್ದರು. ಸಾರ್ವಜನಿಕರ ಹಣದಿಂದ ಕಟ್ಟಿದ, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದರ ಸಾರ. ಕಾಗದದ ಮೇಲೆ ಅಂದೇ ಊರ ಬಾವಿ ನಮ್ಮದಾಯಿತು. ಆದರೆ ಕಾಗದಕ್ಕೆ ಹಗ್ಗ ಇರಲಿಲ್ಲ, ಕೊಡ ಇರಲಿಲ್ಲ.

ಕೊಂಕಣದ ಮಹಾಡ ಎಂಬ ಊರಿನ ಪುರಸಭೆ ಈ ಠರಾವನ್ನು ಒಪ್ಪಿ 1924ರಲ್ಲಿ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದೆವು ಎಂದು ಬರೆದುಕೊಂಡಿತು. ಮೂರು ವರ್ಷ ಕಳೆದರೂ ಒಬ್ಬ ದಲಿತನೂ ಆ ಕೆರೆಗೆ ಇಳಿಯಲಾಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಮುಂದೆ ಆದದ್ದು ನಮಗೆಲ್ಲ ಗೊತ್ತು. ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂದು ಸುಳ್ಳು ಹಬ್ಬಿಸಿ ನಮ್ಮವರನ್ನು ಹಾದಿಬೀದಿಯಲ್ಲಿ ಹೊಡೆದರು.

ಹೊಡೆತದ ಮಾತು ಎಲ್ಲರೂ ಆಡುತ್ತಾರೆ. ಆಮೇಲೆ ನಡೆದದ್ದನ್ನೂ ನೋಡಬೇಕು. ಮೇಲ್ಜಾತಿಯವರು ಕೆರೆಯನ್ನು 'ಶುದ್ಧ' ಮಾಡಲು ಕುಳಿತರು. 108 ಮಡಕೆ ನೀರನ್ನು ಹೊರಗೆ ತೆಗೆದರು. ಸಗಣಿ, ಗಂಜಲ, ಹಾಲು, ಮೊಸರು ತುಂಬಿದ ಮಡಕೆಗಳನ್ನು ಮಂತ್ರ ಹೇಳುತ್ತ ಕೆರೆಯಲ್ಲಿ ಅದ್ದಿದರು. ಗೆಳೆಯರೇ, ಇದನ್ನು ಇಂದಿನ ಪ್ರಯೋಗಶಾಲೆಯ ಕಣ್ಣಿನಿಂದ ನೋಡಿ. ಬಾಯಾರಿದವನು ಕೈ ಅದ್ದಿ ಕುಡಿದದ್ದು ಮೈಲಿಗೆಯಾಯಿತು. ದನದ ಮಲವನ್ನು ಕುಡಿಯುವ ನೀರಿಗೆ ಬೆರೆಸಿದ್ದು ಶುದ್ಧಿಯಾಯಿತು. ನೀರಿನ ಪರೀಕ್ಷೆ ಮಾಡುವವರು ಇಂದು ಮೊದಲು ಹುಡುಕುವುದು ಮಲದಿಂದ ಬರುವ ಇ. ಕೋಲಿ ಎಂಬ ಅಣುಜೀವಿಯನ್ನು. ಅದು ನೂರು ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು ಎಂಬುದು ಮಾನಕದ ಮಾತು. ಮಹಾಡದ ಪುರೋಹಿತರು ಮಡಕೆ ತುಂಬಿ ಕೆರೆಗೆ ಮುಳುಗಿಸಿದ್ದು ಅದನ್ನೇ.

ಮಹಾಡದ ಕೆರೆಯ ದಾವೆ ಹತ್ತು ವರ್ಷ ನಡೆಯಿತು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಅನಾದಿಕಾಲದ ರೂಢಿ ಎಂಬುದಕ್ಕೆ ಮೇಲ್ಜಾತಿಯವರು ಸಾಕ್ಷಿ ಒದಗಿಸಲಾಗಲಿಲ್ಲ. ಆದರೆ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮ ಅವ್ವಂದಿರು, ಅಜ್ಜಿಯರು ಆ ತೀರ್ಪು ಓದಲಿಲ್ಲ. ಅವರು ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರ ಖಾಲಿ ಕೊಡ ಇಟ್ಟುಕೊಂಡು, 'ಯವ್ವಾ, ಗೌಡಸಾನೇರ, ಒಂದ್ ಕೊಡಾ ನೀರ್ ಹಾಕ್ರಿ, ಕೂಸು ಅಳಾಕತ್ತೈತಿ' ಎಂದು ಕಾದರು. ಯಾರಾದರೂ ಪುಣ್ಯವಂತರು ಎತ್ತಿ ಹಾಕಿದರೆ ಉಂಟು. ಇಲ್ಲದಿದ್ದರೆ ಹಳ್ಳದ ಉಸುಕು ತೋಡಿ ವರತೆ ನೀರು ತುಂಬಬೇಕು. ದನ ಇಳಿಯುವ ಹೊಂಡವೂ ಇತ್ತು. ದನಕ್ಕೆ ಅಡ್ಡಿ ಇರಲಿಲ್ಲ.

3

ಇತ್ತ ಊರಿನವರು ಮೈಲಿಗೆ ಎಣಿಸುತ್ತ ಕುಳಿತಿದ್ದಾಗ ಜಗತ್ತಿನ ಬೇರೆ ಕಡೆ ನೀರಿನ ನಿಜವಾದ ಮೈಲಿಗೆ ಬಯಲಾಗುತ್ತಿತ್ತು. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ ಕಾಲರಾ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿದ. ಹೆಣಗಳೆಲ್ಲ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಒಂದು ಪಂಪಿನ ಸುತ್ತ ಇದ್ದವು. ಆ ಪಂಪಿನ ಹಿಡಿಕೆ ತೆಗೆಸಿದ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ನಮ್ಮದೇ ಕಲ್ಕತ್ತಾದ ಒಂದು ಕೆರೆಯ ನೀರಿನಲ್ಲಿ ಕಾಲರಾ ರೋಗಾಣುವನ್ನು ಕಂಡ. ದುರಗವ್ವನ ಮೇಲಿದ್ದ ಆರೋಪ ಅಂದೇ ಬಿದ್ದುಹೋಗಬೇಕಿತ್ತು.

1892ರಲ್ಲಿ ಹ್ಯಾಂಬರ್ಗ್ ಪಟ್ಟಣದಲ್ಲಿ ಕಾಲರಾ ಎದ್ದಿತು. ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಎಂಬ ಪಟ್ಟಣ ಹೆಚ್ಚುಕಡಿಮೆ ಪಾರಾಯಿತು. ಎರಡೂ ಊರಿಗೆ ಒಂದೇ ಹೊಳೆ. ಆಲ್ಟೋನಾ ಇನ್ನೂ ಕೆಳಗೆ, ಹ್ಯಾಂಬರ್ಗಿನ ಹೊಲಸೆಲ್ಲ ಸೇರಿದ ಮೇಲೆ ನೀರೆತ್ತುತ್ತಿತ್ತು. ಆದರೆ ಅದು ನೀರನ್ನು ಉಸುಕಿನ ಸೋಸುಗುಂಡಿಯಲ್ಲಿ ನಿಧಾನವಾಗಿ ಸೋಸಿ ಬಿಡುತ್ತಿತ್ತು. ಹ್ಯಾಂಬರ್ಗಿನ ಶ್ರೀಮಂತ ಆಡಳಿತ ಅದರ ಖರ್ಚನ್ನು ಮುಂದಕ್ಕೆ ಹಾಕುತ್ತ ಬಂದಿತ್ತು. ಎರಡೂ ಊರಿನ ಗಡಿಯಾಗಿದ್ದ ಬೀದಿಯ ಒಂದು ಮಗ್ಗುಲು ಸಾವು, ಇನ್ನೊಂದು ಮಗ್ಗುಲು ಬದುಕು. ನೀರು ಸೋಸುವುದು ಪುರಸಭೆಯ ದಾನವಲ್ಲ, ಅದು ಸಾವು ಬದುಕಿನ ರಾಜಕಾರಣ ಎಂದು ಜಗತ್ತು ಅಂದು ಕಲಿಯಿತು.

ಪಟ್ಟಣದ ನೀರು ಶುದ್ಧೀಕರಣ ಘಟಕ ಇಂದಿಗೂ ಆ ಪಾಠದ ಮೇಲೆಯೇ ನಿಂತಿದೆ. ಹೊಳೆಯ ನೀರನ್ನು ಜಾಕ್‌ವೆಲ್ಲಿನಿಂದ ಎತ್ತುತ್ತಾರೆ. ಮೆಟ್ಟಿಲ ಮೇಲೆ ಹರಿಸಿ ಗಾಳಿ ಆಡಿಸುತ್ತಾರೆ. ಆಲಮ್, ಅಂದರೆ ನಮ್ಮವರು ಪಟಿಕ ಎನ್ನುವ ವಸ್ತು, ಅದನ್ನು ಬೆರೆಸುತ್ತಾರೆ. ತಾನಾಗಿ ಕೆಳಗೆ ಕೂರದ ಸಣ್ಣ ಕೆಸರಿನ ಕಣಗಳು ಪಟಿಕದಿಂದ ಒಂದಕ್ಕೊಂದು ಅಂಟಿ ಭಾರವಾಗಿ ತಳ ಸೇರುತ್ತವೆ. ತಿಳಿಯಾದ ನೀರು ಉಸುಕಿನ ಪದರದೊಳಗೆ ಇಳಿಯುತ್ತದೆ. ಕೊನೆಗೆ ಕ್ಲೋರಿನ್. ರೋಗಾಣು ಕೊಲ್ಲುವುದು ಅದೇ. ಕೊಂದ ಮೇಲೂ ಕೊಂಚ ಕ್ಲೋರಿನ್ ನೀರಿನಲ್ಲಿ ಉಳಿಯಬೇಕು. ನಳದ ಬಾಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎಂಬುದು ಲೆಕ್ಕ. ದಾರಿಯಲ್ಲಿ ಹೊಸ ಹೊಲಸು ಸೇರಿದರೆ ಅದನ್ನು ಕೊಲ್ಲಲು ಇದ್ದ ಕಾವಲುಗಾರ ಅದು.

ಕಾವಲುಗಾರ ಎಲ್ಲಿಯವರೆಗೆ ಬರುತ್ತಾನೆ ಎಂಬುದೇ ಈಗಿನ ಪ್ರಶ್ನೆ.

4

ನಳ ಬಂದಾಗ ನಮ್ಮ ಹಿರಿಯರು ಹಿಗ್ಗಿದರು. ಹಿಗ್ಗಲು ಕಾರಣವೂ ಇತ್ತು. ಬಾವಿಗೆ ಕಟ್ಟೆ ಉಂಟು, ಕಟ್ಟೆಯ ಮೇಲೆ ನಿಂತವನ ಜಾತಿ ಉಂಟು. ಪೈಪಿಗೆ ಏನುಂಟು? ನೆಲದಡಿ ಓಡುವ ಕಬ್ಬಿಣಕ್ಕೆ ಯಾರ ಮನೆ ಎಂದು ಗೊತ್ತಾಗುವುದಿಲ್ಲ. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ ಎಂದಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೊಳೆ, ಹಳ್ಳ, ಬಾವಿ, ಕೆರೆ ಎಂದು ಎಣಿಸುತ್ತ ಹೋಗಿ 'ನೀರಿನ ನಳ' ಎಂಬ ಮಾತನ್ನೂ ಸೇರಿಸಿತು. ಕಾಯ್ದೆ ಬರೆದವರಿಗೆ ಗೊತ್ತಿತ್ತು, ಜಾತಿ ಬಾವಿಯಿಂದ ಎದ್ದು ನಳಕ್ಕೂ ಬರುತ್ತದೆ ಎಂದು.

ಬಂದಿತು. ಆದರೆ ಬಡಿಗೆ ಹಿಡಿದು ಬರಲಿಲ್ಲ, ನಕ್ಷೆ ಹಿಡಿದು ಬಂದಿತು. ಪೈಪು ರಸ್ತೆಯನ್ನು ಹಿಂಬಾಲಿಸುತ್ತದೆ. ರಸ್ತೆ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು? ಪೇಟೆ, ಗುಡಿ, ಗೌಡರ ಓಣಿ, ಆಮೇಲೆ ಉಳಿದವರು, ಕೊನೆಗೆ ಕೇರಿ. ಊರು ಕಟ್ಟಿದ ಕ್ರಮದಲ್ಲೇ ಪೈಪು ಹಾಸಿದರು. ಎತ್ತರದ ಟಾಕಿಯ ಹತ್ತಿರದ ಮನೆಗೆ ಒತ್ತಡ ಹೆಚ್ಚು. ಅಲ್ಲಿ ಮೋಟರು ಹಚ್ಚಿ ಎಳೆಯುವವರೂ ಹೆಚ್ಚು. ಕೊನೆಯ ಓಣಿಗೆ ನೀರು ಮುಟ್ಟುವ ಹೊತ್ತಿಗೆ ವಾಲ್ವ್ ಬಂದ್ ಮಾಡುವ ಹೊತ್ತಾಗಿರುತ್ತದೆ. 'ಯಕ್ಕಾ, ನಿಮ್ಮ ಕಡೆ ನೀರ್ ಬಂತೇನ?' ಎಂದು ಕೊಡ ಹಿಡಿದು ಓಣಿಯಿಂದ ಓಣಿಗೆ ಓಡುವ ಹೆಣ್ಣುಮಕ್ಕಳನ್ನು ನೋಡಿ. ಅವರು ಯಾವ ಓಣಿಯಿಂದ ಯಾವ ಓಣಿಗೆ ಓಡುತ್ತಾರೆ ಎಂಬುದನ್ನು ನೋಡಿದರೆ ಊರಿನ ಜಾತಿಯ ನಕ್ಷೆ ಸಿಗುತ್ತದೆ.

ಲೆಕ್ಕ ಹಾಕೋಣ. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎಂಬುದು ಸರ್ಕಾರದ ತಾಂತ್ರಿಕ ಕೈಪಿಡಿಯ ಮಾತು. ಹಳ್ಳಿಗೆ, 2019ರ ಜಲಜೀವನ ಯೋಜನೆಯಂತೆ, 55 ಲೀಟರ್. ಬ್ಯಾಡಗಿಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 30 ಸಾವಿರ. 135ರಂತೆ ದಿನಕ್ಕೆ 40 ಲಕ್ಷ ಲೀಟರ್ ಬೇಕು. ಐದು ಜನರ ಮನೆಗೆ 675 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ 45 ಕೊಡ. ಕೊನೆಯ ಓಣಿಯ ಯಾವ ಅವ್ವ ದಿನಕ್ಕೆ 45 ಕೊಡ ನೀರು ಕಂಡಿದ್ದಾಳೆ? ಮೆಣಸಿನಕಾಯಿ ಪೇಟೆಯಲ್ಲಿ ದಿನವಿಡೀ ತುಂಬು ಬಿಡಿಸಿ ಕೈ, ಕಣ್ಣು ಉರಿಯುತ್ತ ಮನೆಗೆ ಬರುವ ಹೆಣ್ಣಾಳಿಗೆ ಮೊದಲು ಬೇಕಾದದ್ದೇ ನೀರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿತ್ತು. ಅದರ ಬಣ್ಣ ತುಟಿಗೆ ಹಚ್ಚುವ ರಂಗಿನವರೆಗೂ ಹೋಗುತ್ತದೆ. ಅದನ್ನು ಬಿಡಿಸಿದ ಕೈ ತೊಳೆಯುವ ನೀರಿಗೆ ಯಾವ ಮುದ್ರೆಯೂ ಇಲ್ಲ.

ಕಡಿಮೆ ನೀರು ಎಂದರೆ ಕೆಟ್ಟ ನೀರೂ ಹೌದು. ಈ ಮಾತು ಶಾಲಾ ಮಾಸ್ತರರು ಮಕ್ಕಳಿಗೆ ಹೇಳಬೇಕಾದ ವಿಜ್ಞಾನ. ಪೈಪಿನಲ್ಲಿ ಸದಾ ನೀರು ತುಂಬಿದ್ದರೆ ಒತ್ತಡ ಹೊರಕ್ಕೆ ಇರುತ್ತದೆ. ತೂತಿದ್ದರೆ ನೀರು ಹೊರಗೆ ಸೋರುತ್ತದೆ. ವಾರಕ್ಕೊಮ್ಮೆ ಬಿಟ್ಟು ನಿಲ್ಲಿಸಿದರೆ ಪೈಪು ಬರಿದಾಗಿ ಒಳಕ್ಕೆ ಎಳೆಯುತ್ತದೆ. ಅದೇ ತೂತಿನಿಂದ ಪಕ್ಕದ ಗಟಾರದ ನೀರು ಒಳಗೆ ಬರುತ್ತದೆ. ಮುಂದಿನ ಸಲ ನಳ ಬಿಟ್ಟಾಗ ಮೊದಲು ಬರುವುದು ಆ ಗಟಾರವೇ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡಲು ಶುರುಮಾಡಿದರು. ಉಳಿದ ಊರಿಗೆ ದಿನಗಟ್ಟಲೆ ಬಿಟ್ಟು ಒಮ್ಮೆ. ಎರಡೂ ಕಡೆಯ ನಳದ ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ವರದಿ ಪ್ರಕಟಿಸಿದರು. ಬಿಟ್ಟು ಬಿಟ್ಟು ಬರುವ ನಳದಲ್ಲಿ ಮಲದ ಅಣುಜೀವಿ ಬಹಳ ಹೆಚ್ಚು ಸಿಕ್ಕಿತು. ಒಂದೇ ಊರಿನ ಎರಡು ಓಣಿಗೆ ಎರಡು ನೀರು.

ಈಗ ನೋಡಿ, ಕೇರಿಯಲ್ಲಿ ಗಟಾರ ಹೇಗಿರುತ್ತದೆ? ತೆರೆದ ಗಟಾರ. ನಳದ ಪೈಪು ಅದರೊಳಗೇ ಹಾದು ಬಂದಿರುತ್ತದೆ. ಮೇಲಿನ ಓಣಿಗಳ ಹೊಲಸೆಲ್ಲ ಇಳಿಜಾರಿನಲ್ಲಿ ಕೇರಿಗೇ ಬಂದು ನಿಲ್ಲುತ್ತದೆ. ನೀರು ಮೇಲಿನಿಂದ ಕೊನೆಗೆ ಬರುತ್ತದೆ. ಹೊಲಸು ಮೇಲಿನಿಂದ ಮೊದಲೇ ಬರುತ್ತದೆ. ಎರಡೂ ಸೇರುವ ಜಾಗವೇ ನಮ್ಮ ಓಣಿ. ಶುದ್ಧೀಕರಣ ಘಟಕದಲ್ಲಿ ಹಾಕಿದ ಕ್ಲೋರಿನ್ ಅಷ್ಟು ದೂರ ಬರುವ ಹೊತ್ತಿಗೆ ಸತ್ತಿರುತ್ತದೆ. ಘಟಕದ ಬಾಗಿಲಲ್ಲಿ ನೀರು ಪರೀಕ್ಷಿಸಿ 'ಎಲ್ಲ ಸರಿ ಐತಿ' ಎಂದು ರಿಜಿಸ್ಟರಿನಲ್ಲಿ ಬರೆದರೆ ಅದು ಸುಳ್ಳಲ್ಲದಿರಬಹುದು. ಆದರೆ ಅದು ನಮ್ಮ ನೀರಿನ ವರದಿಯಲ್ಲ.

5

ನಳದಿಂದ ಮೇಲಕ್ಕೆ, ಹೊಳೆಯವರೆಗೆ ಹೋಗೋಣ. ಬ್ಯಾಡಗಿಗೆ ಹೊಳೆ ದೂರ. ತುಂಗಭದ್ರೆಯ ನೀರು ಪಂಪು ಹತ್ತಿ ಬರಬೇಕು. ಹಾವೇರಿ, ರಾಣೆಬೆನ್ನೂರಿಗೂ ಅದೇ ಹೊಳೆ ತಾಯಿ. ಆ ತಾಯಿ ನಮ್ಮಲ್ಲಿಗೆ ಬರುವ ಮುಂಚೆ ಎಷ್ಟು ಊರಿನ ಹೊಲಸು ಹೊತ್ತಿರುತ್ತಾಳೆ? ತುಂಗೆಗೆ ಶಿವಮೊಗ್ಗ, ಭದ್ರೆಗೆ ಭದ್ರಾವತಿ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ದಶಕಗಳ ಕಾಲ ನಡೆದವು. ಕೂಡ್ಲಿಯಲ್ಲಿ ಎರಡೂ ಹೊಳೆ ಕೂಡಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತವೆ. ಒಂದು ಊರಿನ ಗಟಾರ ಮುಂದಿನ ಊರಿನ ಜಾಕ್‌ವೆಲ್.

ಹರಿಹರದ ಎದುರು ದಂಡೆಯಲ್ಲಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಬಿರ್ಲಾ ಮನೆತನದ ಹರಿಹರ ಪಾಲಿಫೈಬರ್ಸ್ ಶುರುವಾಯಿತು. ಮರದಿಂದ ತಿರುಳು ತೆಗೆದು ರೇಯಾನ್ ನೂಲಿಗೆ ಒದಗಿಸುವ ಕೆಲಸ. ಮರದಲ್ಲಿ ನಾರಿನ ಜೊತೆ ಲಿಗ್ನಿನ್ ಎಂಬ ಅಂಟು ಇರುತ್ತದೆ. ಅದನ್ನು ರಾಸಾಯನಿಕ ಹಾಕಿ ಕುದಿಸಿ ಬೇರೆ ಮಾಡಿದರೆ ಕಂದು ಬಣ್ಣದ, ನಾತ ಹೊಡೆಯುವ ನೀರು ಉಳಿಯುತ್ತದೆ. ಅದು ಹೊಳೆಗೆ ಬಿದ್ದರೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ತಿಂದುಹಾಕುತ್ತದೆ. ಮೀನು ಉಸಿರು ಕಟ್ಟಿ ತೇಲುತ್ತದೆ.

ಕಾರ್ಖಾನೆ ಬಂದ ಎರಡೇ ವರ್ಷಕ್ಕೆ, 1974ರಲ್ಲಿ, ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂದಿತು. ಅದೇ ವರ್ಷ ರಾಜ್ಯದಲ್ಲಿ ಮಾಲಿನ್ಯ ಮಂಡಳಿಯೂ ಹುಟ್ಟಿತು. ಆದರೂ ಎಂಬತ್ತರ ದಶಕದಲ್ಲಿ ಹೊಳೆಯ ಮೇಲೆ ಸತ್ತ ಮೀನು ತೇಲಿದವು. ದಂಡೆಯ ಹಳ್ಳಿಗಳ ಜನ ನೀರು ಕುಡಿಯಲಾಗದೆ, ಮೈ ತೊಳೆಯಲಾಗದೆ ಒದ್ದಾಡಿದರು. ಮೊದಲ ಪೆಟ್ಟು ಬಿದ್ದದ್ದು ಮೀನು ಹಿಡಿಯುವ ಅಂಬಿಗರಿಗೆ. ಹನ್ನೆರಡನೇ ಶತಮಾನದಲ್ಲಿ ಪುರೋಹಿತರ ಮುಖಕ್ಕೆ ಹೊಡೆದಂತೆ ಮಾತಾಡಿದ ಅಂಬಿಗರ ಚೌಡಯ್ಯನ ಊರು ಚೌಡಯ್ಯದಾನಪುರ ಇರುವುದು ಇದೇ ಹೊಳೆಯ ದಂಡೆಯಲ್ಲಿ, ಇದೇ ತಾಲೂಕಿನಲ್ಲಿ. ಅವನ ಕುಲದವರ ಬಲೆಗೆ ಬಿದ್ದದ್ದು ಬಂಡವಾಳಶಾಹಿಯ ಎಂಜಲು.

1984ರಲ್ಲಿ ಎಸ್.ಆರ್. ಹಿರೇಮಠರ ಮುಂದಾಳುತನದಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯ ಈ ಜನರ ಜೊತೆ ನಿಂತಿತು. ಕಾರ್ಖಾನೆಯ ಬಾಗಿಲಲ್ಲಿ ಪ್ರತಿಭಟನೆ ನಡೆಯಿತು. 1985ರ ಡಿಸೆಂಬರಿನಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತದ ಅರ್ಜಿ ಹೋಯಿತು. ಹೋರಾಟ ಹೊಳೆಯಲ್ಲೇ ನಿಲ್ಲಲಿಲ್ಲ. ಕಾರ್ಖಾನೆಗೆ ನೀಲಗಿರಿ ಮರ ಬೇಕಿತ್ತು. ಅದಕ್ಕಾಗಿ 1984ರಲ್ಲಿ ಸರ್ಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಮಾಡಿಕೊಂಡು, ಹಳ್ಳಿಗರು ದನ ಮೇಯಿಸುವ, ಸೌದೆ ತರುವ ಸುಮಾರು 75 ಸಾವಿರ ಎಕರೆ ನೆಲದ ಮೇಲೆ ಕಣ್ಣು ಹಾಕಿದವು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನ ಡೊಳ್ಳು ಬಡಿಯುತ್ತ ಹೋಗಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಹಣ್ಣಿನ, ಮೇವಿನ ಸಸಿ ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಅದು. 1991ರಲ್ಲಿ ಆ ಪಲ್ಪ್‌ವುಡ್ ಸಂಸ್ಥೆಯನ್ನು ಮುಚ್ಚಬೇಕಾಯಿತು.

ಆ ದಿನ ನೆಲ ಉಳಿಯಿತು. ಇದನ್ನು ಇಲ್ಲಿ ನೆನೆಯಲು ಕಾರಣವಿದೆ. ಪಟಿಕ, ಉಸುಕು, ಕ್ಲೋರಿನ್ ಈ ಮೂರೂ ಹೊಳೆಯ ಕೆಸರಿಗೆ, ರೋಗಾಣುವಿಗೆ ಮದ್ದು. ಕಾರ್ಖಾನೆಯ ರಾಸಾಯನಿಕಕ್ಕೆ ಸಾಮಾನ್ಯ ಪುರಸಭೆಯ ಸೋಸುಗುಂಡಿಯಲ್ಲಿ ಮದ್ದಿಲ್ಲ. ಅದನ್ನು ತಡೆಯಬೇಕಾದ್ದು ಕಾರ್ಖಾನೆಯ ಬಾಗಿಲಲ್ಲೇ. ನಮ್ಮ ಸೀಮೆಯ ನೀರು ಶುದ್ಧೀಕರಣದ ಚರಿತ್ರೆಯಲ್ಲಿ ಪುರಸಭೆಯ ಎಂಜಿನಿಯರರಷ್ಟೇ ಪಾಲು ಆ ಮೀನುಗಾರರಿಗೂ ರೈತರಿಗೂ ಸಲ್ಲಬೇಕು.

6

ಹೊಳೆ ಮುಟ್ಟದ ಕಡೆ ಬೋರು ಕೊರೆದರು. ಕೆರೆ ಹೂಳು ತುಂಬಿ ಸತ್ತವು, ಬಾವಿ ಬತ್ತಿದವು, ಬೋರು ನೂರು ಅಡಿಯಿಂದ ಐನೂರಕ್ಕೆ ಇಳಿಯಿತು. ಕಲ್ಲಿನ ಸಂದಿಯ ಹಳೆಯ ನೀರು ಕಲ್ಲಿನ ಗುಣವನ್ನು ಹೊತ್ತು ಬರುತ್ತದೆ. ಹಾವೇರಿ ಜಿಲ್ಲೆಯ ಕೆಲವು ಕಡೆ ಬೋರಿನ ನೀರಿನಲ್ಲಿ ಫ್ಲೋರೈಡು ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಮಾನಕ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಎಲುಬು ಸೆಟೆದು ನಡ ಬಗ್ಗುತ್ತದೆ. ಮಕ್ಕಳು ಹಲ್ಲು ತಿಕ್ಕುವುದಿಲ್ಲ ಎಂದು ಬೈಯುವ ಮಾಸ್ತರರು ಮೊದಲು ಶಾಲೆಯ ಬೋರಿನ ವರದಿ ಕೇಳಲಿ. ಈ ನೀರನ್ನು ಕುದಿಸಿದರೆ ಫ್ಲೋರೈಡು ಹೋಗದು, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಪಟಿಕ, ಸುಣ್ಣ ಬೆರೆಸಿ ಅದನ್ನು ತೆಗೆಯುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆಯವರು ಎಪ್ಪತ್ತರ ದಶಕದಲ್ಲೇ ರೂಪಿಸಿದರು.

ಇನ್ನೊಂದು ನೈಟ್ರೇಟು. ಹೊಲಕ್ಕೆ ಸುರಿದ ಯೂರಿಯಾ, ತಿಪ್ಪೆ, ಪಾಯಿಖಾನೆಯ ಗುಂಡಿ ಇವುಗಳಿಂದ ನೆಲಕ್ಕೆ ಇಳಿಯುತ್ತದೆ. 45 ಮಿಲಿಗ್ರಾಂ ಅದರ ಮಿತಿ, ಅಲ್ಲಿಂದ ಮೇಲೆ ಸಡಿಲಿಕೆ ಇಲ್ಲ. ಹೆಚ್ಚಾದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತದೆ. ಇದಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ.

ಇದಕ್ಕೆ ವ್ಯವಸ್ಥೆ ಹುಡುಕಿದ ದಾರಿ ನಾಣ್ಯ ಹಾಕಿದರೆ ನೀರು ಬರುವ ಶುದ್ಧ ನೀರಿನ ಘಟಕ. ಕಾಸಿದ್ದವನಿಗೆ ಮನೆಯೊಳಗೇ ಯಂತ್ರ. ಒಂದು ಕ್ಯಾನು ಕುಡಿಯಲು ಶುದ್ಧ ನೀರು ಕೊಂಡ ಮನೆಯಲ್ಲಿ ಅಡಿಗೆಗೆ, ಬಾಣಂತಿಯ ಕಷಾಯಕ್ಕೆ ಅದೇ ಸವಳು ನೀರು. ನೀರು ಹಕ್ಕು ಎಂದು ಬಾಬಾಸಾಹೇಬರು ಕೆರೆಗೆ ಇಳಿದರು. ನಮ್ಮ ಕಾಲ ಅದನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಿದೆ.

7

ಊರಿನ ಹೊಲಸು ತೆಗೆದವರ ಮಾತು ಬಾರದೆ ನೀರಿನ ಚರಿತ್ರೆ ಮುಗಿಯದು. ಬಾವಿ, ಹೊಳೆ ಹೊಲಸಾಗದಂತೆ ಶತಮಾನಗಳ ಕಾಲ ಕಾದವರು ತಲೆಯ ಮೇಲೆ ಮಲ ಹೊತ್ತವರು. ಅವರು ಒಂದು ವಾರ ಕೈ ಕಟ್ಟಿ ಕುಳಿತಿದ್ದರೆ ಯಾವ ಪಟ್ಟಣವೂ ಉಳಿಯುತ್ತಿರಲಿಲ್ಲ. ಅವರಿಗೆ ಊರು ಕೊಟ್ಟ ಬಹುಮಾನ ಏನು? ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ ತಿಂಗಳಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಗೆ ಮಲ ಬಳಿದುಕೊಂಡು ನಿಂತರು. ತಲೆಮಾರುಗಳಿಂದ ಇದ್ದ ಜಾಗದಿಂದ ಎಬ್ಬಿಸುತ್ತಾರೆ ಎಂಬ ಸಂಕಟ ಅದು. ಊರಿನ ಮೈಲಿಗೆಯನ್ನು ಊರಿನ ಕಚೇರಿಯ ಮುಂದೆ ತಮ್ಮ ಮೈಮೇಲೆಯೇ ತೋರಿಸಿದರು. ರಾಜ್ಯ ಒಂದು ದಿನ ತಲೆತಗ್ಗಿಸಿತು.

ಕೆರೆಯ ತೂಬು ಎತ್ತುವ ನೀರಗಂಟಿಯ ಕೆಲಸ ನಾಡಿನ ಎಷ್ಟೋ ಹಳ್ಳಿಗಳಲ್ಲಿ ದಲಿತರದೇ ಆಗಿತ್ತು. ಗದ್ದೆಗೆ ನೀರು ಹಂಚುವಾಗ ಅವನ ಕೈ ಮೈಲಿಗೆಯಾಗಲಿಲ್ಲ. ಆ ನೀರಲ್ಲಿ ಬೆಳೆದ ಅಕ್ಕಿ ಮೈಲಿಗೆಯಾಗಲಿಲ್ಲ. ಕುಡಿಯಲು ಬಗ್ಗಿದರೆ ಮಾತ್ರ ಮೈಲಿಗೆ. ಇಂಥ ಶಾಸ್ತ್ರಕ್ಕೆ ನಾವು ಲಾಭದ ಶಾಸ್ತ್ರ ಎನ್ನುತ್ತೇವೆ.

ಇದು ಹಳೆಯ ಮಾತು, ಈಗೆಲ್ಲಿ ಐತಿ ಎನ್ನುವವರಿಗೆ 2022ರ ನವೆಂಬರನ್ನು ತೋರಿಸಬೇಕು. ಚಾಮರಾಜನಗರ ತಾಲೂಕಿನ ಹೆಗ್ಗೊಠಾರದಲ್ಲಿ ಮದುವೆಗೆ ಬಂದ ದಲಿತ ಹೆಣ್ಣುಮಗಳೊಬ್ಬಳು ಮೇಲ್ಜಾತಿಯವರ ಬೀದಿಯ ಟಾಕಿಯ ನಳದಿಂದ ನೀರು ಕುಡಿದಳು. ಟಾಕಿಯ ನೀರೆಲ್ಲ ಚೆಲ್ಲಿ ಗಂಜಲ ಹಾಕಿ ತೊಳೆದರು. ಮಹಾಡಕ್ಕೂ ಹೆಗ್ಗೊಠಾರಕ್ಕೂ ನಡುವೆ 95 ವರ್ಷ. ಕೆರೆ ಹೋಗಿ ಟಾಕಿ ಬಂದಿದೆ. ಗಂಜಲ ಹಾಗೆಯೇ ಇದೆ.

ನಿಜವಾದ ವಿಷ ಯಾರ ಹೊಟ್ಟೆ ಸೇರಿತು ಎಂಬುದಕ್ಕೂ ದಾಖಲೆ ಇದೆ. 2021ರಲ್ಲಿ ತುಂಗಭದ್ರೆಯ ಆಚೆ ದಂಡೆಯ ಹೂವಿನಹಡಗಲಿ ತಾಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಮಂದಿ ಸತ್ತರು. 2023ರ ಆಗಸ್ಟಿನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯ ದಲಿತರ ಓಣಿಯಲ್ಲಿ ನಳದ ನೀರು ಕುಡಿದು ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅವರು ಯಾರ ಬಾವಿಯನ್ನೂ ಮುಟ್ಟಿರಲಿಲ್ಲ. ತಮ್ಮ ಮನೆಯ ನಳ ತಿರುವಿದ್ದರು, ಅಷ್ಟೆ.

8

ಹೋರಾಟದ ಹಾದಿ ಏನು? ಕೊಡ ಹಿಡಿದು ಪುರಸಭೆಗೆ ಮುತ್ತಿಗೆ ಹಾಕುವುದು ಒಂದು. ಅದನ್ನು ಬಿಡಬಾರದು. ಆದರೆ ಅದರ ಜೊತೆಗೆ ಲೆಕ್ಕ ಹಿಡಿದು ಕೇಳುವುದನ್ನೂ ಕಲಿಯಬೇಕು. 'ನೀರು ಕೊಡ್ರಿ' ಎಂದರೆ ಟ್ಯಾಂಕರು ಕಳಿಸಿ ಬಾಯಿ ಮುಚ್ಚಿಸುತ್ತಾರೆ. 'ನಮ್ಮ ಓಣಿಯ ಕೊನೆಯ ನಳದಲ್ಲಿ ಕ್ಲೋರಿನ್ ಎಷ್ಟೈತಿ, ಬರದು ಕೊಡ್ರಿ' ಎಂದರೆ ಉತ್ತರಕ್ಕೆ ತಡಕಾಡಬೇಕಾಗುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ನೀರಿನ ಪರೀಕ್ಷೆ ಯಾವ ದಿನ ಆಯಿತು, ಮಾದರಿಯನ್ನು ಯಾವ ಓಣಿಯ ಯಾವ ನಳದಿಂದ ತೆಗೆದರು, ಫಲಿತಾಂಶ ಏನು ಎಂದು ಕೇಳಿ. ಮಾದರಿ ತೆಗೆದ ಜಾಗ ಕೇಳುವುದನ್ನು ಮರೆಯಬೇಡಿ. ಜಾತಿ ಅಡಗಿರುವುದು ಆ ಕಾಲಮ್ಮಿನಲ್ಲಿ.

ಹಳ್ಳಿಯ ಮಾಸ್ತರರು ಮಾಡಬಹುದಾದ್ದು ಬಹಳ ಇದೆ. ಮಲದ ಅಣುಜೀವಿ ಹುಡುಕುವ ಸಣ್ಣ ಬಾಟಲಿ ಪರೀಕ್ಷೆಯನ್ನು ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ರೂಪಿಸಿದರು. ನೀರು ತುಂಬಿ ಒಂದೆರಡು ದಿನ ಇಟ್ಟರೆ ಕೆಟ್ಟ ನೀರಿನ ಬಾಟಲಿ ಕಪ್ಪಾಗುತ್ತದೆ. ಅದು ಕೊನೆಯ ಮಾತಲ್ಲ, ಎಚ್ಚರಿಕೆಯ ಗಂಟೆ. ಮಕ್ಕಳಿಂದ ಓಣಿಯ ನಕ್ಷೆ ಬರೆಸಿ. ಟಾಕಿ ಎಲ್ಲಿ, ವಾಲ್ವ್ ಎಲ್ಲಿ, ಪೈಪು ಗಟಾರವನ್ನು ಎಲ್ಲಿ ದಾಟುತ್ತದೆ, ಎಲ್ಲಿ ಸೋರುತ್ತದೆ ಎಂದು ಗುರುತಿಸಲಿ. ಯಾರ ಮನೆಯಲ್ಲಿ ವಾಂತಿಭೇದಿ ಬಂದಿತು ಎಂಬುದನ್ನೂ ಅದರ ಮೇಲೆ ಚುಕ್ಕೆ ಇಡಲಿ. ಜಾನ್ ಸ್ನೋ ಮಾಡಿದ್ದು ಅದನ್ನೇ. ಅದಕ್ಕೆ ಪೆನ್ಸಿಲು, ಕಾಗದ, ನಡೆಯುವ ಕಾಲು ಸಾಕು.

1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಒಂದು ಮಾತಿದೆ. ಪರಿಶಿಷ್ಟರು ಬಳಸುವ ನೀರಿನ ನೆಲೆಯನ್ನು ಕೆಡಿಸುವುದು ದೌರ್ಜನ್ಯ. ಬೇರೆಯವರು ಬಂದು ಕೆಡಿಸಿದರೆ ಅದು ಅಪರಾಧ. ಪೈಪು ಗಟಾರದಲ್ಲಿ ಕೊಳೆಯುತ್ತಿದೆ ಎಂದು ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಸುಮ್ಮನೆ ಕುಳಿತು, ಹೆಣ ಬಿದ್ದ ಮೇಲೆ ಪರಿಹಾರದ ಚೆಕ್ಕು ಹಿಡಿದು ಬಂದರೆ ಅದಕ್ಕೆ ಏನೆನ್ನಬೇಕು? ಈ ಪ್ರಶ್ನೆಯನ್ನು ಕಾಯ್ದೆ ಓದಿದ ನಮ್ಮ ತಲೆಮಾರಿನ ವಿದ್ಯಾರ್ಥಿಗಳು ಎತ್ತಲೇಬೇಕು.

ನಮ್ಮ ಹಿರಿಯರಿಗೆ ನೀರು ಮುಟ್ಟುವ ಹಕ್ಕಿಗಾಗಿ ಹೊಡೆತ ಬಿತ್ತು. ನಮಗೆ ಮುಟ್ಟಲು ನೀರು ಬಂದಿದೆ, ಕುಡಿಯಲು ಬಂದಿಲ್ಲ. ಊರಿನ ನೀರು ಶುದ್ಧವೋ ಅಲ್ಲವೋ ಎಂಬುದನ್ನು ಇನ್ನು ಮುಂದೆ ಶುದ್ಧೀಕರಣ ಘಟಕದ ಬಾಗಿಲಲ್ಲಿ ನಿಂತು ತೀರ್ಮಾನಿಸಬಾರದು. ಪೈಪಿನ ಕೊನೆಯ ಮನೆಯ ಕೊನೆಯ ಕೊಡದಲ್ಲಿ ಅಳೆಯಬೇಕು. ಅಲ್ಲಿ ಸರಿ ಇದ್ದರೆ ಊರಿಗೆಲ್ಲ ಸರಿ. ಅಲ್ಲಿ ಕೆಟ್ಟಿದ್ದರೆ ಮೈಲಿಗೆ ಯಾರದು ಎಂದು ಕೇಳುವ ಸರದಿ ಈಗ ನಮ್ಮದು.